ತಲೆಗೆ ಪೆಟ್ಟಾದವರ ಕಣ್ಣು ಆಡುತ್ತದೆಯೇ ಎಂದು ನೋಡಿ ಮನೆಗೆ ಕಳಿಸಿ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ತಲೆಗೆ ಪೆಟ್ಟಾದವರಿಗೆ ಪ್ರಜ್ಞೆ ಸರಿಯಿದ್ದು, ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಡಿಸ್ಚಾರ್ಜ್ ಚೀಟಿ ಸಿಗುತ್ತದೆ. ಕಣ್ಣು ಆಡಿಸುವ ನರಕ್ಕೆ ಘಾಸಿಯಾಗಿದ್ದರೂ ಈ ಎರಡೂ ಸರಿಯಾಗಿಯೇ ಇರಬಹುದು. ಹಾಸಿಗೆಯಲ್ಲಿ ಮಲಗಿದ್ದಾಗ ತಿಳಿಯದ ತೊಂದರೆ ಮೆಟ್ಟಿಲಿಳಿಯುವಾಗ ಗೊತ್ತಾಗುತ್ತದೆ: ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ.

ಮಿದುಳಿನಿಂದ ನೇರವಾಗಿ ಹೊರಡುವ ಕಪಾಲ ನರಗಳಲ್ಲಿ ಮೂರನೆಯದು, ನಾಲ್ಕನೆಯದು, ಆರನೆಯದು ಕಣ್ಣು ಆಡಿಸುತ್ತವೆ. ಹೀಗೆ ವೈದ್ಯರ ಗಮನಕ್ಕೆ ಹೆಚ್ಚಾಗಿ ಬಾರದೆ ಹೋಗುವುದು ನಾಲ್ಕನೆಯದರ ಘಾಸಿ. ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಮಿದುಳುಕಾಂಡದ ಹಿಂಬದಿಯಿಂದ ಹೊರಡುವ ಕಪಾಲ ನರ ಇದೊಂದೇ. ಎಳೆ ತೀರ ತೆಳು, ಬುರುಡೆಯೊಳಗಿನ ದಾರಿ ಉದ್ದ. ಸಣ್ಣ ಪೆಟ್ಟಿಗೂ ನಲುಗಬಹುದು. ಆಗ ವಸ್ತುಗಳು ಒಂದರ ಮೇಲೊಂದು ಕಾಣುತ್ತವೆ, ಕೆಳಗೆ ನೋಡಿದಾಗ ಇನ್ನೂ ಹೆಚ್ಚು. ಎಡಗಣ್ಣಿಗೆ ಹೀಗಾದರೆ ತಲೆ ಬಲಭುಜದತ್ತ ವಾಲುತ್ತದೆ. ದಯವಿಟ್ಟು ಅದನ್ನು ಕುತ್ತಿಗೆ ನೋವೆಂದು ಬರೆದು ಕಳಿಸದಿರಲಿ. ಎರಡೂ ಕಡೆಯ ನರಕ್ಕೆ ಪೆಟ್ಟಾದರೆ ತಲೆ ವಾಲದೆ ಗಲ್ಲ ಕೆಳಗಿಳಿಯುತ್ತದೆ, ಚಿತ್ರ ತಿರುಚಿಕೊಂಡು ಕಾಣುತ್ತದೆ; ಬೆಳಕನ್ನು ಬಾಗಿಸಿ ಎರಡು ಚಿತ್ರಗಳನ್ನು ಒಂದಾಗಿಸುವ ಪ್ರಿಸಂ ಕನ್ನಡಕ ಯಾವುದೂ ಈ ತಿರುಚನ್ನು ಸರಿಮಾಡದು.

ಆರನೆಯ ನರ ಸೋತರೆ ಕಣ್ಣು ಹೊರಗಡೆಗೆ ಹೊರಳದು, ದೂರದ್ದು ಅಕ್ಕಪಕ್ಕ ಎರಡಾಗಿ ಕಾಣುತ್ತದೆ. ಬುರುಡೆಯೊಳಗೆ ಒತ್ತಡ ಏರಿದರೂ ಹೀಗಾಗುವುದರಿಂದ ಕಣ್ಣಿನ ಹಿಂಪರದೆಯನ್ನೂ ನೋಡಲೇಬೇಕು. ಮೂರನೆಯ ನರ ಸೋತರೆ ರೆಪ್ಪೆ ಜೋಲುತ್ತದೆ. ಪ್ರಜ್ಞೆ ಇಳಿಯುತ್ತಾ ಒಂದು ಪಾಪೆ ಹಿಗ್ಗಿದರೆ ಅದು ತುರ್ತು, ಕಣ್ಣಿನ ವಿಭಾಗಕ್ಕೆ ಕಾಯುವಂತಿಲ್ಲ.

ಪರೀಕ್ಷೆಗೆ ಯಂತ್ರ ಬೇಡ. ಎರಡೆರಡು ಕಾಣುತ್ತಿದೆಯೇ ಎಂದು ಕೇಳಿ, ಒಂದು ಕಣ್ಣು ಮುಚ್ಚಿಸಿ. ಯಾವ ಕಣ್ಣು ಮುಚ್ಚಿದರೂ ಅದು ಹೋದರೆ ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ತಲೆ ಅಲ್ಲಾಡಿಸದಂತೆ ಹೇಳಿ, ಪೆನ್ನನ್ನು ಎಡಕ್ಕೆ, ಬಲಕ್ಕೆ, ಎರಡೂ ತುದಿಗಳಲ್ಲಿ ಮೇಲೆ ಕೆಳಗೆ ಆಡಿಸಿ ನೋಡಿದರೆ ಆರು ದಿಕ್ಕೂ ಮುಗಿಯಿತು. ಪ್ರಜ್ಞೆ ತಪ್ಪಿದ್ದವರಿಗೆ ಎಚ್ಚರವಾದ ಮೇಲೆ ಮಾಡಬೇಕು. ಕಣ್ಣು ಊದಿದ್ದರೆ ಊತ ಇಳಿದ ಮೇಲೆ ಮತ್ತೊಮ್ಮೆ.

ಮುಂದಿನದು ಆತುರದ ಕೆಲಸವಲ್ಲ. ನರ ತಾನಾಗಿ ಚೇತರಿಸಿಕೊಳ್ಳಬಹುದಾದ್ದರಿಂದ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಕಾದು, ಕಣ್ಣಿನ ಓರೆಯ ಅಳತೆ ಸ್ಥಿರವಾದ ಮೇಲಷ್ಟೇ ಶಸ್ತ್ರಚಿಕಿತ್ಸೆ. ಅಲ್ಲಿಯವರೆಗೆ ಒಂದು ಕಣ್ಣಿಗೆ ಪಟ್ಟಿ, ಇಲ್ಲವೇ ಕನ್ನಡಕಕ್ಕೆ ಅಂಟಿಸುವ ತೆಳು ಪ್ರಿಸಂ ಹಾಳೆ. ಕಣ್ಣು ಸುಧಾರಿಸಿದಂತೆ ಹಾಳೆ ಬದಲಿಸಬಹುದು, ಅದೇ ಅದರ ಅನುಕೂಲ. ಚಿಕ್ಕ ಮಕ್ಕಳನ್ನು ಮಾತ್ರ ಸುಮ್ಮನೆ ಕಾಯಿಸಬಾರದು. ಓರೆಯಾದ ಕಣ್ಣಿನ ದೃಷ್ಟಿಯೇ ಮಂದವಾದೀತು.

ನಮ್ಮ ಕೋರಿಕೆ ಇಷ್ಟು: ತಲೆಪೆಟ್ಟಿನ ಡಿಸ್ಚಾರ್ಜ್ ನಮೂನೆಯಲ್ಲಿ ಕಣ್ಣಿನ ಚಲನೆಗೆ ಒಂದು ಸಾಲು, ಎರಡೆರಡು ಕಾಣುವವರೆಗೆ ವಾಹನ ಓಡಿಸಬೇಡಿ ಎಂಬ ಇನ್ನೊಂದು ಸಾಲು ಕಡ್ಡಾಯವಾಗಲಿ. ಅಪಘಾತ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಗಳಿಗೆ ಪ್ರಿಸಂ ಹಾಳೆಗಳನ್ನೂ ಅಳತೆ ಮಾಡಬಲ್ಲ ಒಬ್ಬರನ್ನೂ ಒದಗಿಸಿ.

ಇಂತಿ,
ಕಣ್ಣು ಮತ್ತು ನರ ಚಿಕಿತ್ಸೆಯಲ್ಲಿ ತೊಡಗಿರುವವರು