ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಬೀಗದ ಕುರಿತು ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಸಾದರ ನಮಸ್ಕಾರಗಳು. ತಮ್ಮ ಕ್ಷೇತ್ರದಲ್ಲಿ 22 ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸುತ್ತಿರುವವಳು ನಾನು. ಬಲಗೈ ಇನ್ನೂ ಪೆನ್ನು ಹಿಡಿಯುವ ಸ್ಥಿತಿಗೆ ಬಾರದಿರುವುದರಿಂದ ಈ ಪತ್ರವನ್ನು ಮಗಳಿಂದ ಬರೆಸುತ್ತಿದ್ದೇನೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಕೋಣೆ ವಾರದ ಎಲ್ಲ ಕೆಲಸದ ದಿನಗಳಲ್ಲೂ ತೆರೆದಿರಬೇಕು ಎಂಬುದಷ್ಟೇ ನನ್ನ ಬೇಡಿಕೆ.

ಕಳೆದ ಆಷಾಢದಲ್ಲಿ ಹಿತ್ತಿಲ ಪಾಚಿಗೆ ಕಾಲು ಜಾರಿ, ಅಂಗೈ ಊರಿಕೊಂಡು ಬಿದ್ದೆ. ಮರುದಿನ ಊದಿದ ಮಣಿಕಟ್ಟು ಹಿಡಿದುಕೊಂಡು ಆಸ್ಪತ್ರೆಗೆ ಹೋದರೆ ಎಕ್ಸ್‌ರೇ ಕೋಣೆಗೆ ಬೀಗ. ತಂತ್ರಜ್ಞರು ವಾರದಲ್ಲಿ 3 ದಿನ ನಿಯೋಜನೆಯ ಮೇಲೆ ಬೇರೆ ಕಡೆಗೆ ಹೋಗುತ್ತಾರಂತೆ. ಎರಡು ದಿನ ಕಳೆದು ಮತ್ತೆ ಹೋದಾಗ ಚಿತ್ರವನ್ನೇನೋ ತೆಗೆದರು, ಆದರೆ ಫಿಲ್ಮ್ ಮುಗಿದು ತಿಂಗಳಾಗಿದೆ, ಪರದೆಯ ಫೋಟೋ ಹೊಡೆದುಕೊಳ್ಳಿ ಎಂದರು. ಎಡಗೈಯಿಂದ ತೆಗೆದ ಆ ಫೋಟೋವನ್ನು ಗಾಜು ಒಡೆದ ನನ್ನ ಮೊಬೈಲಿನಲ್ಲಿ ನೋಡಿದ ವೈದ್ಯರು, ‘ಈ ಗೆರೆ ಮೂಳೆಯದೋ ಮೊಬೈಲಿನದೋ’ ಎಂದು ನಕ್ಕು, ಉಳುಕು ಎಂದು ಚೀಟಿಯಲ್ಲಿ ಬರೆದು, ನೋವಿನ ಮಾತ್ರೆ ಮತ್ತು ಕ್ರೇಪ್ ಬ್ಯಾಂಡೇಜು ಕೊಟ್ಟು ಕಳುಹಿಸಿದರು. ಮತ್ತೆ ಯಾವಾಗ ಬರಬೇಕೆಂದು ಹೇಳಲಿಲ್ಲ.

ಆ ಗೆರೆ ಮೂಳೆಯದೇ ಆಗಿತ್ತು, ಸ್ವಾಮಿ. ಮುರಿದದ್ದು ಸ್ಕಾಫಾಯ್ಡ್ ಎಂಬ, ಗೋಡಂಬಿಯ ಆಕಾರದ ಸಣ್ಣ ಮೂಳೆ. ಮಣಿಕಟ್ಟಿನ 8 ಮೂಳೆಗಳಲ್ಲಿ ಹೆಚ್ಚಾಗಿ ಮುರಿಯುವುದು ಇದೇ ಎಂದು ಜಿಲ್ಲಾ ಕೇಂದ್ರದ ಮೂಳೆ ತಜ್ಞರು ನಾಲ್ಕು ತಿಂಗಳ ನಂತರ ನನಗೆ ತಿಳಿಸಿದರು. ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಒಂದು ಗುಳಿ ಕಾಣುತ್ತದೆ, ಹಿಂದಿನವರು ನಶ್ಯ ಸುರಿದುಕೊಳ್ಳುತ್ತಿದ್ದ ಗುಳಿ. ಕೈ ಊರಿ ಬಿದ್ದವರಿಗೆ ಅಲ್ಲಿ ಒತ್ತಿದಾಗ ನೋವಾದರೆ, ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಮುರಿದಿರಬಹುದೆಂದೇ ಭಾವಿಸಿ ಕೈ ಅಲುಗದಂತೆ ಪಟ್ಟಿ ಹಾಕಿ, 10ರಿಂದ 14 ದಿನಗಳ ನಂತರ ಮತ್ತೊಮ್ಮೆ ಚಿತ್ರ ತೆಗೆಯಬೇಕಂತೆ. ಮೊದಲ ದಿನಗಳಲ್ಲಿ ಕೆಲವು ಬಿರುಕುಗಳು ಕಾಣುವುದೇ ಇಲ್ಲವಂತೆ. ಈ ಮೂಳೆಗೆ ರಕ್ತ ಬಹುಪಾಲು ಬೆರಳಿನ ಕಡೆಯ ತುದಿಯಿಂದ ಹಿಮ್ಮುಖವಾಗಿ ಹರಿಯುವುದರಿಂದ, ಮುರಿದದ್ದನ್ನು ಹಾಗೇ ಬಿಟ್ಟರೆ ಹಿಂದಿನ ತುಂಡು ರಕ್ತವಿಲ್ಲದೆ ಸಾಯಲೂಬಹುದು. ನನ್ನ ಆ ಗುಳಿಯನ್ನು ಯಾರೂ ಒತ್ತಿ ನೋಡಲಿಲ್ಲ. ಅದಕ್ಕೆ ಫಿಲ್ಮ್ ಬೇಡ, ಟೆಂಡರೂ ಬೇಡ. ಒಂದು ಬೆರಳು ಸಾಕಿತ್ತು.

ನೋವು ಇಳಿಯದಾಗ ನೆರೆಯವರ ಮಾತು ಕೇಳಿ ನಾಟಿ ವೈದ್ಯರ ಬಳಿ ಕಟ್ಟು ಹಾಕಿಸಿಕೊಂಡೆ. ಅದು ತಪ್ಪೆಂದು ಈಗ ಎಲ್ಲರೂ ನನ್ನನ್ನು ಬೈಯುತ್ತಾರೆ, ಆದರೆ ಅವರು ಕೈಯನ್ನು ಮುಟ್ಟಿಯಾದರೂ ನೋಡಿದರು. ಕೊನೆಗೆ ಸೊಂಟದ ಮೂಳೆಯಿಂದ ಚೂರು ತೆಗೆದು ಮಣಿಕಟ್ಟಿಗೆ ಇಟ್ಟು, ಸ್ಕ್ರೂ ಹಾಕಬೇಕಾಯಿತು. ಗೌರಿ ಹಬ್ಬಕ್ಕೂ ದಸರೆಗೂ ಒಪ್ಪಿಕೊಂಡಿದ್ದ ರವಿಕೆ ಬಟ್ಟೆಗಳನ್ನು ಕತ್ತರಿಸದೆಯೇ ಹಿಂದಿರುಗಿಸಿದೆ. ಕತ್ತರಿಯ ಒಂದು ಹಿಡಿಗೆ ಹೋಗಬೇಕಾದದ್ದು ಹೆಬ್ಬೆರಳು, ಅದೇ ಮಡಚುವುದಿಲ್ಲ. ಆ ಎಕ್ಸ್‌ರೇ ಯಂತ್ರವನ್ನು ತಾವೇ ಟೇಪು ಕತ್ತರಿಸಿ ಉದ್ಘಾಟಿಸಿದ್ದೀರಿ. ತಮಗೆ ಕತ್ತರಿ ಬೇಕಾದದ್ದು ಅದೊಂದು ದಿನ, ನನಗೆ ಅದು ದಿನವೂ ಬೇಕು.

ತಾಲ್ಲೂಕು ಆಸ್ಪತ್ರೆಯಲ್ಲಿ ಏನೇನು ಇರಬೇಕೆಂದು 2022ರಲ್ಲಿ ಪರಿಷ್ಕರಿಸಿದ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು ಹೇಳುವುದು ತಮಗೆ ಗೊತ್ತೇ ಇದೆ. ಆರೋಗ್ಯ ರಕ್ಷಾ ಸಮಿತಿಯ ಅಧ್ಯಕ್ಷರೂ ತಾವೇ ಆಗಿರುವಾಗ ನಾನು ಓದಿ ಹೇಳುವುದು ಅಧಿಕಪ್ರಸಂಗವಾದೀತು. ತಂತ್ರಜ್ಞರ ನಿಯೋಜನೆಯನ್ನು ರದ್ದುಪಡಿಸಿ, ಫಿಲ್ಮ್ ತರಿಸಿ, ಎಕ್ಸ್‌ರೇ ಕೋಣೆಯನ್ನು ದಿನವೂ ತೆರೆಸಿರಿ. ಕೈ ಊರಿ ಬಿದ್ದು ಬಂದವರಿಗೆ ಎರಡು ವಾರಗಳ ನಂತರ ಮತ್ತೆ ಬರಬೇಕಾದ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಡಲಿ. ಹಣವಿಲ್ಲವೆಂದರೆ ಮೊದಲು ಆ ಬೀಗವನ್ನಾದರೂ ತೆಗೆಸಿರಿ.

ಸಮಿತಿಯ ಮುಂದಿನ ಸಭೆ ಎಂದೆಂಬುದನ್ನು ಆಸ್ಪತ್ರೆಯ ಫಲಕದಲ್ಲಿ ಹಾಕಿಸಿದರೆ ನಾನೂ ಬರುತ್ತೇನೆ. ಎಕ್ಸ್‌ರೇ ಅದೇ ಮೊಬೈಲಿನಲ್ಲಿದೆ. ಗಾಜನ್ನು ಇನ್ನೂ ಬದಲಾಯಿಸಿಲ್ಲ.

ಇಂತಿ,
ತಮ್ಮ ಕ್ಷೇತ್ರದ ಮತದಾರಳು