ನೀರು ಬಿದ್ದ ಲ್ಯಾಪ್‌ಟಾಪ್‌ಗೆ ಇನ್ನು ಮುಂದೆ ಕ್ಲೀನಿಂಗ್ ಚಾರ್ಜ್ ಮೊದಲೇ

ಗ್ರಾಹಕರಿಗೆ ನಮಸ್ಕಾರ,

ಬರುವ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಎಸ್‌ಪಿ ರೋಡ್ ಅಂಗಡಿಯಲ್ಲಿ ಒಂದು ಬದಲಾವಣೆ ಇದೆ. ನೀರು, ಕಾಫಿ, ಜ್ಯೂಸ್, ಏನೇ ಬಿದ್ದ ಲ್ಯಾಪ್‌ಟಾಪ್ ತಂದರೂ ಬಿಚ್ಚಿ, ತೊಳೆದು, ಚೆಕ್ ಮಾಡುವುದಕ್ಕೆ 1,500 ರೂಪಾಯಿ ಮೊದಲೇ ಕಟ್ಟಬೇಕು. ರಿಪೇರಿ ಆದರೆ ಬಿಲ್ಲಿನಲ್ಲಿ ಅಷ್ಟು ಕಳೆಯುತ್ತೇವೆ. ಆಗದಿದ್ದರೆ ವಾಪಸ್ ಇಲ್ಲ. ಬೇರೆ ಕೆಲಸಗಳಿಗೆ ‘ಸರಿಯಾಗದಿದ್ದರೆ ದುಡ್ಡಿಲ್ಲ’ ಅನ್ನೋದು ಹಾಗೇ ಇರುತ್ತದೆ.

ಬೋರ್ಡ್ (ಲ್ಯಾಪ್‌ಟಾಪ್ ಒಳಗಿನ ಮದರ್‌ಬೋರ್ಡ್) ಡೆಡ್ ಅಂದಮೇಲೆ ದುಡ್ಡು ಯಾಕೆ ಅಂತ ಕೇಳುತ್ತೀರಿ. ಕೇಳಬೇಕಾದ್ದೇ. ಆದರೆ ಇಂಥ ಬೋರ್ಡಿನಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ತೊಳೆಯುವುದು, ಹುಡುಕುವುದು. ಐಸಿ, ಅಂದರೆ ಬೋರ್ಡಿನ ಮೇಲಿನ ಚಿಪ್, ಬದಲಾಯಿಸುವುದು ಕೊನೆಯ ಚೂರು ಕೆಲಸ. ಬೋರ್ಡ್ ಉಳಿಯಲಿ ಬಿಡಲಿ, ಆ ಹೊತ್ತು ಹೋಗಿರುತ್ತದೆ. ಇಷ್ಟು ದಿನ ಅದರ ಖರ್ಚು ಬರುತ್ತಿದ್ದದ್ದು ಸರಿಯಾದ ಬೋರ್ಡಿನವರ ಬಿಲ್ಲಿನಿಂದ. ಒಬ್ಬರದ್ದು ಇನ್ನೊಬ್ಬರು ಕಟ್ಟಿದ ಹಾಗೆ, ಅಲ್ವಾ?

ಮೊನ್ನೆ ಫಿಲ್ಟರ್ ಕಾಫಿ ಬಿದ್ದ ಒಂದು ಬೋರ್ಡ್ ಬಂದಿತ್ತು. ಮೇಲಿಂದ ನೋಡಿದರೆ ಚಾರ್ಜಿಂಗ್ ಐಸಿ ಪಕ್ಕ ಒಂದು ಕಂದು ಕಲೆ, ಅಷ್ಟೇ. ಹಾಟ್ ಏರ್ ಹಿಡಿದು ಐಸಿ ಎತ್ತಿದರೆ ಅಡಿಯಲ್ಲಿ ಸಕ್ಕರೆ ಗಟ್ಟಿಯಾಗಿ ಕೂತಿದೆ, ಸುತ್ತ ಹಸಿರು ಪುಡಿ, ಐಸಿಯನ್ನು ಬೆಸೆಯುವ ಎರಡು ತಾಮ್ರದ ಪ್ಯಾಡ್ ಪೂರ್ತಿ ತಿಂದುಹೋಗಿವೆ. ಆ ಹಸಿರು ಅಂದರೆ ಬೋರ್ಡಿನ ತಾಮ್ರವೇ. ಬರೀ ನೀರು ಇಷ್ಟು ಬೇಗ ತಾಮ್ರ ತಿನ್ನುವುದಿಲ್ಲ, ಜೊತೆಗೆ ಕರೆಂಟ್ ಬೇಕು, ಮತ್ತು ನೀವು ಆಫ್ ಮಾಡಿಟ್ಟರೂ ಬ್ಯಾಟರಿ ಕನೆಕ್ಟ್ ಆಗಿರುವ ತನಕ ಕೆಲವು ಲೈನುಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಐಸಿ ಅಡಿಯ ಸಕ್ಕರೆ ಎಲ್ಲೂ ಹೋಗುವುದಿಲ್ಲ, ಸುಮ್ನೆ ಎರಡು ದಿನ ದಂಡ.

ಇದಕ್ಕೆ ಬ್ಯಾಟರಿ, ಹೀಟ್‌ಸಿಂಕ್ ಎಲ್ಲ ತೆಗೆದು ಬೋರ್ಡನ್ನು ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ಕ್ಲೀನರ್‌ಗೆ ಹಾಕಬೇಕು, ಆಮೇಲೆ ಐಪಿಎಯಲ್ಲಿ (ಬೇಗ ಆರುವ ಒಂದು ಆಲ್ಕೋಹಾಲ್) ತೊಳೆದು ಪೂರ್ತಿ ಒಣಗಿಸಬೇಕು. ನಂತರ ಮೀಟರ್ ಹಿಡಿದು ಶಾರ್ಟ್ (ಕರೆಂಟ್ ದಾರಿ ತಪ್ಪಿ ಹರಿಯುವ ಜಾಗ) ಹುಡುಕಾಟ: ಶಾರ್ಟ್ ಆದ ಲೈನಿಗೆ ಒಂದು ವೋಲ್ಟಿನಷ್ಟು ಕೊಟ್ಟು ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ಸಾಸಿವೆ ಕಾಳಿಗಿಂತ ಚಿಕ್ಕ ಕೆಪಾಸಿಟರ್ ಒಂದೇ ಬಿಸಿಯಾಗಿ ಹೊಳೆಯುತ್ತದೆ. ಅದನ್ನು ತೆಗೆದರೆ ಒಮ್ಮೊಮ್ಮೆ ಅಲ್ಲಿಗೇ ಸರಿಹೋಯಿತು. ಒಮ್ಮೊಮ್ಮೆ ಇಲ್ಲ. ಕೆಲವು ಮ್ಯಾಕ್‌ಬುಕ್‌ಗಳ ಸ್ಕ್ರೀನ್ ಕನೆಕ್ಟರಿನಲ್ಲಿ ಬ್ಯಾಕ್‌ಲೈಟಿನ ಸುಮಾರು 50 ವೋಲ್ಟ್ ಪಿನ್, ಸಿಪಿಯುಗೆ ನೇರ ಹೋಗುವ ಡೇಟಾ ಪಿನ್ನಿನ ಹತ್ತಿರವೇ ಇದೆ. ಅಲ್ಲಿ ನೀರು ಹೋದರೆ ಸಿಪಿಯುವೇ ಹೋಗಬಹುದು. ತೊಳೆದು, ಅಳೆದು ನೋಡುವ ತನಕ ಇದು ಗೊತ್ತಾಗುವುದಿಲ್ಲ.

ಹೇರ್ ಡ್ರೈಯರ್ ಹಿಡಿದು, ಆನ್ ಮಾಡಿ ತೋರಿಸಿ, ಅದೇ ದಿನ ಕೊಡುವವರೂ ಇದ್ದಾರೆ. ನಾವು ಹಾಗೆ ಕೊಡುವುದಿಲ್ಲ.

ವಾರಂಟಿ 30 ದಿನ, ನಾವು ಬದಲಾಯಿಸಿದ ಭಾಗಕ್ಕೆ ಮಾತ್ರ. ಯಾಕಂದರೆ ಅಂಟು ಹಾಕಿ ಕೂರಿಸಿದ ಚಿಪ್‌ಗಳ ಅಡಿ ನಮ್ಮ ಕಣ್ಣಿಗೂ ಕಾಣುವುದಿಲ್ಲ.

ನಿಮಗೆ ಡೇಟಾ ಮಾತ್ರ ಸಾಕಾದರೆ ಕೊಡುವಾಗಲೇ ಹೇಳಿ. ಡೇಟಾ ಇರುವ ಎಸ್‌ಎಸ್‌ಡಿ ಬಿಚ್ಚಲು ಬರುವ ಲ್ಯಾಪ್‌ಟಾಪ್ ಆದರೆ ಕೆಲಸ ಬಹುಮಟ್ಟಿಗೆ ಸುಲಭ. 2020ರ ಎಂ1 ಮ್ಯಾಕ್‌ಬುಕ್ ಥರದ್ದರಲ್ಲಿ ಸ್ಟೋರೇಜ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಡೇಟಾ ಬೇಕೆಂದರೆ ಆ ಬೋರ್ಡೇ ಎದ್ದು ಕೂರಬೇಕು. ಹಾಗಾಗಿ ಅದಕ್ಕೆ ರೇಟು ಬೇರೆ, ನೋಡಿಯೇ ಹೇಳುತ್ತೇವೆ.

ಏನಾದರೂ ಬಿದ್ದ ಕೂಡಲೇ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ‘ಆನ್ ಆಗುತ್ತಾ ನೋಡೋಣ’ ಅಂತ ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಏನು ಬಿತ್ತು ಅನ್ನೋದನ್ನು ನಿಜ ಹೇಳಿ. ಎಲ್ಲರೂ ನೀರೇ ಅನ್ನುತ್ತಾರೆ, ಬಿಚ್ಚಿದರೆ ಬಿಯರ್ ವಾಸನೆ. ನಾವು ಯಾರ ಮನೆಗೂ ಫೋನ್ ಮಾಡಿ ಹೇಳುವುದಿಲ್ಲ.

ಈಗಾಗಲೇ ಅಂಗಡಿಯಲ್ಲಿರುವ ಲ್ಯಾಪ್‌ಟಾಪ್‌ಗಳಿಗೆ ಹಳೇ ರೂಲೇ ಅನ್ವಯ.