ಬಾಂಗ್‌ನಲ್ಲಿ ಏನು ಹೇಳುತ್ತಾರೆ?

ಮಾನ್ಯ ಸಂಪಾದಕರೇ,

ನಾನು ಕಟಪಾಡಿಯವಳು. ಶಾಲೆಯಲ್ಲಿ ಪಾಠ ಮಾಡಿ ಈಗ ನಿವೃತ್ತಳಾಗಿದ್ದೇನೆ. ಮನೆಮಾತು ಬ್ಯಾರಿ, ಕರಾವಳಿಯ ಮುಸ್ಲಿಮರ ಭಾಷೆ. ಪಕ್ಕದ ಮನೆಯ ಬಾಯಮ್ಮ ಶಂಕರಪುರ ಮಲ್ಲಿಗೆ ಬೆಳೆಯುತ್ತಾರೆ. ಇಪ್ಪತ್ತೈದು ವರ್ಷದಿಂದ ನಾವು ನೆರೆಕರೆ. ಹಬ್ಬಕ್ಕೆ ನಮ್ಮ ಬಿರಿಯಾನಿ ಅವರಲ್ಲಿಗೆ ಹೋಗುತ್ತದೆ, ಕ್ರಿಸ್‌ಮಸ್‌ಗೆ ಅವರ ಕುಸ್ವಾರ್ ತಿಂಡಿಗಳು ನಮ್ಮಲ್ಲಿಗೆ ಬರುತ್ತವೆ. ಮೊನ್ನೆ ಸಂಜೆ ಅವರ ಜಗಲಿಯಲ್ಲಿ ಕೂತಿದ್ದಾಗ ಪಳ್ಳಿಯಿಂದ (ಮಸೀದಿಯಿಂದ) ಬಾಂಗ್, ಅಂದರೆ ನಮಾಝಿಗೆ ಕರೆಯುವ ಅಝಾನ್, ಕೇಳಿಸಿತು. ಬಾಯಮ್ಮ ಮೆಲ್ಲ ಕೇಳಿದರು: "ಟೀಚರೇ, ತಪ್ಪು ತಿಳೀಬೇಡಿ. ಅಕ್ಬರ್ ರಾಜನ ಹೆಸರನ್ನು ದಿನಾ ಯಾಕೆ ಕೂಗೋದು?"

ತಪ್ಪು ತಿಳಿಯುವುದು ಏನಿದೆ? ಇಷ್ಟು ವರ್ಷ ನಾನೂ ಹೇಳಿರಲಿಲ್ಲ. ಬಾಯಮ್ಮನ ಹಾಗೆ ತಿಳಿದುಕೊಂಡವರು ಊರಲ್ಲಿ ಇನ್ನೂ ಇರಬಹುದು. ಅದಕ್ಕೇ ಈ ಪತ್ರ.

ಅಕ್ಬರ್ ರಾಜ ಹುಟ್ಟಿದ್ದು 1542ರಲ್ಲಿ. ಬಾಂಗ್ ಶುರುವಾದದ್ದು ಅದಕ್ಕೂ 900 ವರ್ಷ ಮೊದಲು, ಮದೀನದಲ್ಲಿ. ಮೊದಲು ಬಾಂಗ್ ಕೊಟ್ಟವರು ಬಿಲಾಲ್, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಬಣ್ಣದ ಮನುಷ್ಯ. ‘ಅಲ್ಲಾಹು ಅಕ್ಬರ್’ ಅಂದರೆ ದೇವರು ಎಲ್ಲಕ್ಕಿಂತ ದೊಡ್ಡವನು, ಅಷ್ಟೇ. ಅಲ್ಲಾಹ್ ಎನ್ನುವುದು ಮುಸ್ಲಿಮರಿಗೆ ಮಾತ್ರ ಸೇರಿದ ಬೇರೊಂದು ದೇವರ ಹೆಸರೂ ಅಲ್ಲ. ಅರಬ್ಬಿ ಮಾತಾಡುವ ಕ್ರೈಸ್ತರೂ ದೇವರನ್ನು ಅಲ್ಲಾಹ್ ಎಂದೇ ಕರೆಯುತ್ತಾರೆ. ಇದನ್ನು ಕೇಳಿ ಬಾಯಮ್ಮನಿಗೆ ಬಹಳ ಆಶ್ಚರ್ಯವಾಯಿತು.

ಆಮೇಲೆ ಬರುವ ಎರಡು ಸಾಲುಗಳೇ ನಮ್ಮ ಧರ್ಮದ ಬುಡ. ಆರಾಧನೆಗೆ ಅರ್ಹನಾದವನು ಅಲ್ಲಾಹನೊಬ್ಬನೇ, ಮುಹಮ್ಮದರು ಅವನ ದೂತರು ಎಂದು ಸಾಕ್ಷಿ ಹೇಳುವ ಮಾತುಗಳು. ನಾವು ಮುಹಮ್ಮದರನ್ನು ಪೂಜಿಸುವುದಿಲ್ಲ. ಅವರು ಮನುಷ್ಯರು, ದೇವರ ಮಾತನ್ನು ತಲುಪಿಸಿದವರು. ಅವರಿಗಿಂತ ಮೊದಲು ಬಂದ ಇಬ್ರಾಹೀಮ್, ಮೂಸಾ, ಈಸಾ ಇವರನ್ನು ನಂಬದವನು ಮುಸ್ಲಿಮನೇ ಅಲ್ಲ. ಈಸಾ ಅಂದರೆ ಯೇಸು. ಕುರ್‌ಆನಿನ 114 ಅಧ್ಯಾಯಗಳಲ್ಲಿ 19ನೆಯದಕ್ಕೆ ಅವರ ತಾಯಿ ಮರ್ಯಮ್ ಅವರ ಹೆಸರೇ ಇದೆ. ನಮಗೆ ಯೇಸು ದೇವರ ಮಗನಲ್ಲ, ದೊಡ್ಡ ಪ್ರವಾದಿ. ಈ ವ್ಯತ್ಯಾಸವನ್ನು ನಾನು ಬಾಯಮ್ಮನಿಂದ ಮುಚ್ಚಿಡಲಿಲ್ಲ.

ಆಗ ನಾನೂ ಒಂದು ಪ್ರಶ್ನೆ ಕೇಳಿದೆ. ಇಗರ್ಜಿಯ (ಚರ್ಚಿನ) ಗಂಟೆ ದಿನಕ್ಕೆ ಮೂರು ಸಲ ಯಾಕೆ? ದೇವದೂತ ಗಾಬ್ರಿಯೇಲ್ ಮರಿಯಮ್ಮನಿಗೆ ಯೇಸು ಹುಟ್ಟುವ ಸುದ್ದಿ ತಂದ ನೆನಪಿಗಂತೆ. ಅದೇ ದೂತ ನಮಗೆ ಜಿಬ್ರೀಲ್. ಪ್ರವಾದಿಗೆ ಕುರ್‌ಆನ್ ತಂದದ್ದು ಅವರೇ ಎಂದು ನಮ್ಮ ನಂಬಿಕೆ.

ಬಾಂಗ್‌ನ ಮುಂದಿನ ಸಾಲುಗಳು ನಮಾಝಿಗೆ ಬನ್ನಿ, ಗೆಲುವಿನ ಕಡೆಗೆ ಬನ್ನಿ ಎಂದು ಕರೆಯುತ್ತವೆ. ದಿನಕ್ಕೆ ಐದು ನಮಾಝ್. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಝಕಾತ್. ಅದನ್ನು ಸುಮ್ನೆ ದಾನ ಅಂದುಕೊಳ್ಳುತ್ತಾರೆ. ಅಲ್ಲ. ಸುಮಾರು 85 ಗ್ರಾಂ ಚಿನ್ನದ ಬೆಲೆಯಷ್ಟು ಉಳಿತಾಯ ಒಂದು ವರ್ಷ ಕೈಯಲ್ಲಿ ಉಳಿದರೆ ಅದರಲ್ಲಿ ನೂರಕ್ಕೆ ಎರಡೂವರೆ ಪಾಲು ನಮ್ಮದಲ್ಲ. ಹತ್ತು ಲಕ್ಷ ಇದ್ದರೆ 25,000 ರೂಪಾಯಿ. ಅದು ಬಡವರ, ಸಾಲದಲ್ಲಿ ಮುಳುಗಿದವರ, ದಾರಿಯಲ್ಲಿ ಸಿಕ್ಕಿಬಿದ್ದವರ ಹಕ್ಕು. ಯಾರಿಗೆ ಸೇರಬೇಕೆಂದು ಕುರ್‌ಆನ್ ಎಂಟು ಬಗೆಯವರನ್ನು ಹೆಸರಿಸಿದೆ. ಕೊಟ್ಟವನು ದೊಡ್ಡ ಮನುಷ್ಯನಾಗುವುದಿಲ್ಲ, ಕೊಡಬೇಕಾದ್ದನ್ನು ಕೊಟ್ಟಿರುತ್ತಾನೆ. ಝಕಾತ್ ಕೊಡುವ ಫೋಟೋ ನೋಡಿದಾಗ ನನಗೆ ಸಂಕಟವಾಗುತ್ತದೆ.

ರಮಝಾನಿನ ನೋಂಬೂ (ಉಪವಾಸವೂ) ಹಾಗೆಯೇ. ಚಾಂದ್ರಮಾನ ವರ್ಷ ಹತ್ತು ಹನ್ನೊಂದು ದಿನ ಕಡಿಮೆ ಇರುವುದರಿಂದ ಅದು ವರ್ಷವೂ ಹಿಂದೆ ಸರಿಯುತ್ತದೆ. 2015ರಲ್ಲಿ ಜೋರು ಮಳೆಯಲ್ಲಿ ಹಿಡಿದಿದ್ದೆವು, ಈಚಿನ ವರ್ಷಗಳಲ್ಲಿ ನಮ್ಮ ಕರಾವಳಿಯ ಸೆಕೆಯಲ್ಲಿ. ರೋಗಿಗಳಿಗೆ, ಪ್ರಯಾಣದಲ್ಲಿರುವವರಿಗೆ ವಿನಾಯಿತಿ ಇದೆ. ಬಾಗಿಲು ಹಾಕಿಕೊಂಡು ಒಂದು ಲೋಟ ನೀರು ಕುಡಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಕುಡಿಯುವುದಿಲ್ಲ ಅಲ್ವಾ, ಪರಲೋಕದಲ್ಲಿ ಲೆಕ್ಕ ಕೊಡುವ ದಿನವೊಂದಿದೆ ಎಂಬ ನಂಬಿಕೆ ಕೆಲಸ ಮಾಡುವುದು ಅಲ್ಲಿಯೇ. ಇನ್ನು ಹಜ್, ಅಂದರೆ ಮಕ್ಕಾ ಯಾತ್ರೆ. ಶಕ್ತಿ, ಅನುಕೂಲ ಇದ್ದವರಿಗೆ ಜೀವನದಲ್ಲಿ ಒಂದು ಸಲ.

ಬೆಳಗ್ಗಿನ ಬಾಂಗ್‌ನಲ್ಲಿ ಮಾತ್ರ ಒಂದು ಮಾತು ಜಾಸ್ತಿ ಇದೆ: ‘ನಿದ್ದೆಗಿಂತ ನಮಾಝ್ ಒಳ್ಳೆಯದು’. ಬಾಯಮ್ಮ ಮೊದಲೆಲ್ಲ ಆ ಬಾಂಗ್ ಕೇಳಿಯೇ ಹೂ ಕೊಯ್ಯಲು ಏಳುತ್ತಿದ್ದರಂತೆ. "ನನ್ನನ್ನು ಎಬ್ಬಿಸುವಾಗ ಹೀಗೆ ಹೇಳ್ತಿದ್ದದ್ದಾ?" ಎಂದು ನಕ್ಕರು.

ರಮಝಾನ್ ಬಂದಾಗ ನಿಮ್ಮ ಪತ್ರಿಕೆಯಲ್ಲಿ ಇಫ್ತಾರ್ ತಿಂಡಿಗಳ ಚಿತ್ರ ಚೆನ್ನಾಗಿ ಬರುತ್ತದೆ. ಮುಂದಿನ ಸಲ ಅದರ ಪಕ್ಕದಲ್ಲಿ ಬಾಂಗ್‌ನ ಸಾಲುಗಳನ್ನು ಕನ್ನಡ ಅರ್ಥದ ಜೊತೆ ಹಾಕಿ. ಇಗರ್ಜಿಯ ಗಂಟೆಯ ಬಗ್ಗೆ ಬಾಯಮ್ಮ ಬರೆದುಕೊಡಲು ಒಪ್ಪಿದ್ದಾರೆ.

– ನಿವೃತ್ತ ಶಿಕ್ಷಕಿ, ಕಟಪಾಡಿ, ಉಡುಪಿ ಜಿಲ್ಲೆ